ಐದು ಹತ್ತರ ಬಸ್ಸು

ಬೇಸಿಗೆಯ ತರಬೇತಿಗೆ ಬ್ರಿಯೆಲ್ ಆಯ್ಕೆಯಾಗಿದ್ದಾಳೆಂದು ಪತ್ರ ಬಂದ ದಿನ ಪೆಟ್ಟಿಗ್ರೂ ಮನೆಯಲ್ಲಿ ಮೊದಲು ಎದ್ದದ್ದು ಅಜ್ಜಿಯ ಕಾಲುಚೀಲದ ಪ್ರಶ್ನೆ.

ಅರ್ನೆಸ್ಟೀನ್ ಅಜ್ಜಿಗೆ ಎಪ್ಪತ್ತಾರು. ಕಾಲು ಬಾತುಕೊಳ್ಳುವ ಕಾಯಿಲೆ. ಮಂಡಿಯವರೆಗೆ ಬರುವ ಬಿಗಿಯಾದ ಕಾಲುಚೀಲವನ್ನು ದಿನಾ ಬೆಳಿಗ್ಗೆ ಯಾರಾದರೂ ಎರಡೂ ಕೈಯಿಂದ ಹಿಗ್ಗಿಸಿ, ಸುಕ್ಕು ಬೀಳದ ಹಾಗೆ ಮೇಲಕ್ಕೆ ಎಳೆಯಬೇಕು. ಎರಡು ವರ್ಷದಿಂದ ಅದು ಮೊಮ್ಮಗಳು ಬ್ರಿಯೆಲ್‌ಳ ಕೆಲಸ. ಬ್ರಿಯೆಲ್‌ಳ ತಾಯಿ ಶರ್ಲೀನ್ ಐದು ಗಂಟೆಗೇ ಮನೆ ಬಿಡುವವಳು. ಗುಡ್ಡದ ಮೇಲಿನ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಆರಕ್ಕೆ ಒಲೆ ಹಚ್ಚಬೇಕು. ಉಳಿದವನು ಶರ್ಲೀನ್‌ಳ ತಮ್ಮ ಲಾಮಾಂಟ್. ಟೈರ್ ಅಂಗಡಿಯಲ್ಲಿ ದುಡಿಯುವ, ನಲವತ್ತೆರಡು ದಾಟಿದರೂ ಮದುವೆಯಾಗದೆ ಅಕ್ಕನ ಮನೆಯ ನೆಲಮಾಳಿಗೆಯಲ್ಲಿ ಇರುವವನು.

"ಹೆಂಗಸರ ಕಾಲುಚೀಲ ನಾನು ಹಾಕ್ಬೇಕಾ?" ಎಂದ ಲಾಮಾಂಟ್.

"ನಿನ್ನ ಚಡ್ಡಿ ನಾನು ಎಷ್ಟು ವರ್ಷ ಏರಿಸಿದೀನಿ, ಅದು ನೆನಪಿಲ್ಲ ಅಲ್ವಾ?" ಎಂದಳು ಅಜ್ಜಿ. ಅವಳಿಗೆ ಕಿವಿ ಮಂದ. ಕಿವಿಗೆ ಹಾಕುವ ಯಂತ್ರ ಸಿಳ್ಳೆ ಹೊಡೆಯುತ್ತದೆಂದು ಅದನ್ನು ಡ್ರಾಯರಿನಲ್ಲೇ ಇಟ್ಟಿದ್ದಳು. ಆದರೆ ತನ್ನ ವಿಷಯಕ್ಕೆ ಬಂದ ಮಾತು ಮಾತ್ರ ಹೇಗೋ ಕೇಳಿಸುತ್ತಿತ್ತು.

ತರಬೇತಿ ನದಿಯಾಚೆಯ ವಿಶ್ವವಿದ್ಯಾಲಯದಲ್ಲಿ. ನಗರದ, ರಾಜ್ಯದ, ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಸಾರ್ವಜನಿಕ ನೀತಿ ರೂಪಿಸುವ ಕೆಲಸಕ್ಕೆ ಹೋಗಬಯಸುವ ಪದವಿ ಹುಡುಗ ಹುಡುಗಿಯರನ್ನು ಏಳು ವಾರ ಕೂರಿಸಿಕೊಂಡು ಅರ್ಥಶಾಸ್ತ್ರ, ಅಂಕಿಅಂಶ, ವರದಿ ಬರೆಯುವುದು, ನಿಂತು ಮಾತಾಡುವುದು ಎಲ್ಲ ಕಲಿಸುತ್ತಿದ್ದರು. ದೇಶದ ಮೂಲೆಮೂಲೆಯಿಂದ ಇಪ್ಪತ್ತನಾಲ್ಕು ಜನ. ಮನೆ ಎರಡು ಮೈಲಿ ದೂರವಿದ್ದರೂ ಹಾಸ್ಟೆಲಿನಲ್ಲೇ ಇರಬೇಕೆಂಬುದು ನಿಯಮ. ಭಾನುವಾರ ಮಾತ್ರ ಬಿಡುವು.

ಬ್ರಿಯೆಲ್ ಹೋಗಲೋ ಬೇಡವೋ ಎಂದು ಎರಡು ದಿನ ಹೊಯ್ದಾಡಿದಳು. ಶರ್ಲೀನ್ ಹೆಚ್ಚು ಮಾತಾಡಲಿಲ್ಲ. ಚರ್ಚಿನ ಹೆಂಗಸರಿಗೆಲ್ಲ ಮಗಳು ಹೊರಟಳೆಂದು ಹೇಳಿಬಿಟ್ಟಳು. ಆಮೇಲೆ ಹೋಗದೆ ಇರುವ ಹಾಗೇ ಇರಲಿಲ್ಲ.

ಮೊದಲ ವಾರವೇ ಒಂದು ಸಣ್ಣ ಸಂಗತಿ ನಡೆಯಿತು. ಎಲ್ಲರೂ ತಾವು ಈ ದಾರಿಗೆ ಯಾಕೆ ಬಂದೆವೆಂದು ಹೇಳಬೇಕಿತ್ತು. ಬ್ರಿಯೆಲ್ ತನ್ನ ಬೀದಿಯ ಆಸ್ಪತ್ರೆ ಮುಚ್ಚಿದ್ದು, ಅಜ್ಜಿಯ ಕಾಲು ಆ ಮೇಲೆ ಕೆಟ್ಟದ್ದು ಹೇಳಿದಳು. ಹೇಳುವಾಗ ದನಿ ಒಡೆಯಿತು. ಪಕ್ಕದಲ್ಲಿದ್ದ ಮೈಲ್ಸ್ ಎಂಬ ಹುಡುಗ, ಕೆಟ್ಟ ಮನಸ್ಸಿನಿಂದಲ್ಲ, ಒಂದು ಮನೆಯ ಕಥೆ ಪುರಾವೆ ಆಗುವುದಿಲ್ಲ, ಅಂಥ ಮನೆ ಎಷ್ಟಿವೆ ಅನ್ನುವುದು ಮುಖ್ಯ ಎಂದ. ತರಗತಿ ನಡೆಸುತ್ತಿದ್ದ ಪ್ರೊಫೆಸರ್ ಹಾಲ್ವರ್ಸನ್ ಎಂಬಾಕೆ ಹೌದೆಂದು ತಲೆಯಾಡಿಸಿದರು. ಬ್ರಿಯೆಲ್‌ಳ ಮುಖ ಸುಟ್ಟ ಹಾಗಾಯಿತು. ಇನ್ನು ಇಲ್ಲಿ ಮನೆಯ ಮಾತೆತ್ತಬಾರದೆಂದು ಅವತ್ತೇ ತೀರ್ಮಾನಿಸಿದಳು. ಆ ಮೇಲೆ ಅಂಕಿಅಂಶದ ಪರೀಕ್ಷೆಯಲ್ಲಿ ಅವಳನ್ನು ಮೀರಿಸಿದವರಿಲ್ಲ.

ಇತ್ತ ಮನೆಯಲ್ಲಿ ಲಾಮಾಂಟ್ ಕಾಲುಚೀಲ ಏರಿಸುವುದನ್ನು ಕಲಿತ. ಮೊದಲ ದಿನ ಹಿಂದುಮುಂದಾಗಿ ಹಾಕಿ ಬೈಸಿಕೊಂಡ. ಎರಡನೆಯ ವಾರಕ್ಕೆ ಟೈರಿನ ಕೆಲಸದ ರಬ್ಬರ್ ಕೈಗವಸು ತಂದ. ಅದು ಹಾಕಿಕೊಂಡರೆ ಜಾರುವುದಿಲ್ಲ, ಇಪ್ಪತ್ತು ವರ್ಷದ ಅನುಭವ ಅಂದರೆ ಇದು ಎಂದು ಎಲ್ಲರಿಗೂ ಹೇಳಿಕೊಂಡ. ಶನಿವಾರದ ಅಡುಗೆ ಬ್ರಿಯೆಲ್‌ಳದಾಗಿತ್ತು, ಅದೂ ಈಗ ಶರ್ಲೀನ್‌ಳ ತಲೆಗೆ ಬಿತ್ತು. ವಾರವೆಲ್ಲ ಮುದುಕರಿಗೆ ಗಂಜಿ ಕಾಯಿಸಿ ಬಂದವಳು ಶನಿವಾರ ತನ್ನ ಮನೆಯ ಒಲೆಯ ಮುಂದೆ ಸ್ಟೂಲಿನ ಮೇಲೆ ಕೂತೇ ಮೀನು ಹುರಿದಳು.

ನಾಲ್ಕನೆಯ ವಾರ ನಿಜವಾದ ಕೆಲಸ ಬಂತು. ನಗರದ ಬಸ್ ಮಂಡಳಿಗೆ ರಾಜ್ಯದಿಂದ ಬರುತ್ತಿದ್ದ ನೆರವು ಕಡಿಮೆಯಾಗಿತ್ತು. ಯಾವ ಬಸ್ಸು ಉಳಿಸಬೇಕು, ಯಾವುದನ್ನು ನಿಲ್ಲಿಸಬೇಕು, ವಿದ್ಯಾರ್ಥಿಗಳೇ ನೋಡಿ ವರದಿ ಕೊಡಲಿ, ಕೊನೆಯ ದಿನ ಮಂಡಳಿಯವರು ಬಂದು ಕೇಳುತ್ತಾರೆ ಎಂದು ಪ್ರೊಫೆಸರ್ ಹೇಳಿದರು. ಪ್ರತಿ ಬಸ್ಸಿನ ಬಾಗಿಲಲ್ಲೂ ಹತ್ತುವವರನ್ನು ಎಣಿಸುವ ಯಂತ್ರವಿತ್ತು. ಒಂದು ವರ್ಷದ ಎಣಿಕೆಯೆಲ್ಲ ಅವರ ಕಂಪ್ಯೂಟರಿಗೆ ಬಂತು. ಉತ್ತರ ದಿಕ್ಕಿನ ಮಾರ್ಗಗಳು ಬ್ರಿಯೆಲ್ ಮತ್ತು ಮೈಲ್ಸ್ ಪಾಲಿಗೆ ಬಿದ್ದವು. ಅದರಲ್ಲಿ ಹದಿನಾಲ್ಕನೇ ನಂಬರೂ ಇತ್ತು.

ಶುರು ಮಾಡುವ ಮುಂಚೆ ಪ್ರೊಫೆಸರ್ ಹಾಲ್ವರ್ಸನ್ ಒಂದು ಪ್ರಶ್ನೆ ಕೇಳಿದರು. ಈ ಬಸ್ಸುಗಳನ್ನೇ ನಂಬಿಕೊಂಡವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಈಗಲೇ ಹೇಳಿ, ಅದರಲ್ಲಿ ತಪ್ಪೇನಿಲ್ಲ, ಗೊತ್ತಿರಬೇಕು ಅಷ್ಟೆ ಎಂದರು. ಬ್ರಿಯೆಲ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಕೈ ಎತ್ತಲಿಲ್ಲ.

ಆ ಭಾನುವಾರ ಅವಳು ಮನೆಗೆ ಬಂದಾಗ ಶರ್ಲೀನ್ ಮಗಳಿಗೆಂದು ಸೊಪ್ಪು ಬೇಯಿಸಿ, ಜೋಳದ ಹಿಟ್ಟಿನ ಬ್ರೆಡ್ ಮಾಡಿದ್ದಳು. ಊಟಕ್ಕೆ ಕೂತಾಗ ಬ್ರಿಯೆಲ್ ಸುಮ್ಮನೆ ಎಂಬಂತೆ ಬೆಳಗಿನ ಬಸ್ಸಿನ ವಿಷಯ ತೆಗೆದಳು. ಎಷ್ಟು ಜನ ಇರುತ್ತಾರೆ, ಯಾರ್‍ಯಾರು, ಎಲ್ಲಿ ಇಳಿಯುತ್ತಾರೆ. ತನ್ನ ಬಸ್ಸಿನ ಬಗ್ಗೆ ಯಾರೂ ಈವರೆಗೆ ಕೇಳಿರದ ಶರ್ಲೀನ್ ಫೋರ್ಕ್ ಕೆಳಗಿಟ್ಟು ಹುರುಪಿನಿಂದ ಹೇಳಿದಳು. ಬೇಕರಿಯ ಗಸ್ ಎಂಬ ಮುದುಕ, ಹೋಟೆಲಿನ ಕೋಣೆ ಗುಡಿಸುವ ಮರಿಸೋಲ್, ಆಸ್ಪತ್ರೆಯ ಬಟ್ಟೆ ಒಗೆಯುವ ಇಬ್ಬರು, ಇನ್ನೂ ಒಂದಿಬ್ಬರು. ಡ್ರೈವರ್ ಹಾರ್ವಿ ಚಳಿಗಾಲದಲ್ಲಿ ಅವಳು ಬರುವ ತನಕ ಬಾಗಿಲು ತೆಗೆದೇ ಇಟ್ಟಿರುತ್ತಾನೆ.

"ಮಂಜು ಬಿದ್ದಾಗ ಎಷ್ಟೋ ದಿನ ನಾನು, ಹಾರ್ವಿ ಇಬ್ರೇ," ಎಂದು ನಕ್ಕಳು. "ಸರ್ಕಾರ ನಂಗೇ ಅಂತ ಇಟ್ಟಿರೋ ಕಾರು ಕಣೆ ಅದು. ಡ್ರೈವರ್ ಸಮೇತ."

ಎಲ್ಲರೂ ನಕ್ಕರು. ಕೇಳಿಸದ ಅಜ್ಜಿಯೂ ನಕ್ಕಳು. ಬ್ರಿಯೆಲ್ ಹಾಸ್ಟೆಲಿಗೆ ಹೋದ ಮೇಲೆ ಆ ಮಾತನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಳು.

ಎಣಿಕೆ ಸ್ಪಷ್ಟವಾಗಿತ್ತು. ಹದಿನಾಲ್ಕನೇ ನಂಬರಿನ ಮೊದಲ ಬಸ್ಸು, ಬೆಳಿಗ್ಗೆ ಐದು ಹತ್ತರದ್ದು, ಸರಾಸರಿ ಏಳು ಜನ. ಉತ್ತರ ದಿಕ್ಕಿನ ಎಲ್ಲ ಬಸ್ಸುಗಳಲ್ಲಿ ಅತಿ ಖಾಲಿ ಅದೇ. ಅದನ್ನು ನಿಲ್ಲಿಸಿದರೆ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಬಾಗಿಲಿಗೆ ಜೋತಾಡುವ ಇನ್ನೊಂದು ಮಾರ್ಗಕ್ಕೆ ಬಸ್ಸು ಸಿಗುತ್ತದೆ. ಮೈಲ್ಸ್ ಸ್ವಲ್ಪ ಅನುಮಾನಿಸಿದ. ಆ ಏಳು ಜನಕ್ಕೆ ಬೇರೆ ದಾರಿ ಇದೆಯೋ ಇಲ್ಲವೋ ಎಂದ. ಮುಂದಿನ ಬಸ್ಸು ಆರು ಇಪ್ಪತ್ತೈದಕ್ಕೆ ಇದೆಯಲ್ಲ ಎಂದಳು ಬ್ರಿಯೆಲ್. ತನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಆ ಮಾತು ಬಂತು. ಒಂಬತ್ತನೇ ಪುಟದಲ್ಲಿ ಅದನ್ನೇ ಬರೆದಳು. ಪುಟ ಒಣಕಲಾಗಿದೆ, ಪ್ರಯಾಣಿಕರ ಒಂದು ಮಾತು ಸಿಕ್ಕರೆ ಚೆನ್ನ ಎಂದು ಮೈಲ್ಸ್ ಅಂದಾಗ ಅವಳ ಪುಸ್ತಕದಲ್ಲಿ ಮಾತು ಸಿದ್ಧವಾಗಿತ್ತು.

ಕೊನೆಯ ದಿನದ ಕಾರ್ಯಕ್ರಮ ಶುಕ್ರವಾರ ಹನ್ನೊಂದಕ್ಕೆ. ಮನೆಯವರನ್ನು ಕರೆಯಬಹುದಿತ್ತು. ಅಮ್ಮನಿಗೆ ಶುಕ್ರವಾರ ರಜೆ ಸಿಗುವುದಿಲ್ಲ ಎಂಬ ಧೈರ್ಯದಲ್ಲೇ ಬ್ರಿಯೆಲ್ ಫೋನಿನಲ್ಲಿ ಬಾ ಎಂದು ಹೇಳಿದ್ದಳು. ಶರ್ಲೀನ್ ಆಗಲ್ಲ ಕಣೆ ಎಂದು ಹೇಳಿ, ಇನ್ನೊಬ್ಬಳ ಜೊತೆ ಪಾಳಿ ಬದಲಾಯಿಸಿಕೊಂಡಿದ್ದಳು. ಮಗಳಿಗೆ ಆಶ್ಚರ್ಯವಾಗಲಿ ಎಂದು.

ಬ್ರಿಯೆಲ್ ಮೈಕಿನ ಮುಂದೆ ನಿಂತು ತಲೆ ಎತ್ತಿದಾಗ ಮೂರನೆಯ ಸಾಲಿನಲ್ಲಿ ಅಜ್ಜಿಯ ನೇರಳೆ ಟೋಪಿ ಕಂಡಿತು. ಪಕ್ಕದಲ್ಲಿ ಚರ್ಚಿನ ಉಡುಪಿನಲ್ಲಿ ಅಮ್ಮ, ಅವಳ ಪಕ್ಕದಲ್ಲಿ ಟೈ ಕಟ್ಟಿದ ಲಾಮಾಂಟ್. ಮುಂದಿನ ಸಾಲಿನಲ್ಲಿ ಮಂಡಳಿಯವರು. ವರದಿಯ ಪುಟಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತ ಹೋದವು. ಒಂಬತ್ತನೆಯದು ಬಂದಾಗ ಅವಳು ಅದನ್ನು ದಾಟಿಸಿಬಿಡಬಹುದಿತ್ತು. ಆದರೆ ಅಕ್ಷರಗಳು ಪರದೆಯ ಮೇಲೆ ಆಗಲೇ ಇದ್ದವು.

"ಐದು ಹತ್ತರ ಬಸ್ಸಿನ ಬಗ್ಗೆ ಪ್ರಯಾಣಿಕರೊಬ್ಬರ ಮಾತು ಇದು," ಎಂದು ಓದಿದಳು. "ಸರ್ಕಾರ ನಂಗೇ ಅಂತ ಇಟ್ಟಿರೋ ಕಾರು, ಡ್ರೈವರ್ ಸಮೇತ."

ಸಭೆ ಗೊಳ್ಳೆಂದು ನಕ್ಕಿತು. ಮಂಡಳಿಯ ಅಧ್ಯಕ್ಷೆ ನಗುತ್ತಲೇ ಏನೋ ಗುರುತು ಹಾಕಿಕೊಂಡರು. ಬ್ರಿಯೆಲ್ ನೋಡಬಾರದೆಂದುಕೊಂಡೇ ಮೂರನೆಯ ಸಾಲು ನೋಡಿದಳು. ಶರ್ಲೀನ್ ನಗುತ್ತಿದ್ದಳು. ಅಕ್ಕಪಕ್ಕದವರು ನಗುವಷ್ಟು ಹೊತ್ತು ತಾನೂ ನಕ್ಕು, ಅವರು ನಿಲ್ಲಿಸಿದಾಗ ನಿಲ್ಲಿಸಿದಳು. ಕೊನೆಗೆ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವಳೂ ಅವಳೇ.

ಕೇಕು ಕೊಟ್ಟರು. ಪ್ರೊಫೆಸರ್ ಬಂದು, ಇಷ್ಟು ವರ್ಷದಲ್ಲಿ ಇಷ್ಟು ನಿಖರವಾದ ವರದಿ ನೋಡಿಲ್ಲ ಎಂದು ಶರ್ಲೀನ್‌ಳ ಕೈ ಕುಲುಕಿದರು. ಥ್ಯಾಂಕ್ಯೂ ಮೇಡಂ, ಅವಳು ಚಿಕ್ಕಂದಿನಿಂದ ಹಾಗೇ ಎಂದಳು ಶರ್ಲೀನ್.

ಮನೆಗೆ ಹೊರಟ ಲಾಮಾಂಟ್‌ನ ಕಾರು ಸೇತುವೆ ಹತ್ತಿತು. ಆಗ ಅವನು ಬಾಯಿ ಬಿಟ್ಟ.

"ಆ ಪ್ರಯಾಣಿಕರೊಬ್ಬರು ಯಾರು ಅಂತ ನಂಗೆ ಗೊತ್ತು ಅನ್ಸುತ್ತೆ."

"ಸುಮ್ನೆ ಓಡ್ಸು ಲಾಮಾಂಟ್," ಎಂದಳು ಶರ್ಲೀನ್.

"ಅಮ್ಮ, ನಾನು..." ಎಂದಳು ಬ್ರಿಯೆಲ್.

"ಚೆನ್ನಾಗಿ ಮಾತಾಡ್ದೆ. ದನಿ ಹಿಂದಿನ ಸಾಲಿಗೂ ಕೇಳ್ತಿತ್ತು." ಅಷ್ಟು ಹೇಳಿ ಶರ್ಲೀನ್ ಕಿಟಕಿಯ ಆಚೆ ನೋಡತೊಡಗಿದಳು.

ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೈಯಲಿಲ್ಲ. ಅವತ್ತು ಸಂಜೆ, ಮರುದಿನ, ಆ ವಾರ ಪೂರ್ತಿ ಎಂದಿನಂತೆ ಇದ್ದಳು. ಯಾರೂ ಹೇಳದಿದ್ದರೂ ಬ್ರಿಯೆಲ್ ಮನೆಗೆಲಸ ಮಾಡತೊಡಗಿದಳು. ಸ್ನಾನದ ಮನೆಯ ಬಿರುಕಿನ ಕಪ್ಪು ಉಜ್ಜಿದಳು. ಫ್ರಿಜ್ಜು ಎಳೆದು ಹಿಂದಿನ ಧೂಳು ತೆಗೆದಳು. ಅಮ್ಮನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಬಾಗಿಲಿಗೆ ತೂಗುಹಾಕಿದಳು. ಎಲ್ಲಕ್ಕೂ ಶರ್ಲೀನ್ ಥ್ಯಾಂಕ್ಸ್ ಎನ್ನುತ್ತಿದ್ದಳು, ಅಂಗಡಿಯವರಿಗೆ ಹೇಳುವ ಹಾಗೆ.

ಆಗಸ್ಟ್ ಎರಡನೆಯ ವಾರ ಬಸ್ ಮಂಡಳಿಯಿಂದ ಬ್ರಿಯೆಲ್ ಹೆಸರಿಗೆ ಮೆಚ್ಚುಗೆಯ ಪತ್ರ ಬಂತು. ಅಜ್ಜಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತ ಇಟ್ಟು ಅಂಟಿಸಿದಳು. ಅವಳಿಗೆ ಸಭೆಯಲ್ಲಿ ಒಂದಕ್ಷರವೂ ಕೇಳಿಸಿರಲಿಲ್ಲ. ಮೊಮ್ಮಗಳು ಅಷ್ಟು ದೊಡ್ಡ ಜನರ ಮುಂದೆ ಹೆದರದೆ ನಿಂತಳೆಂಬುದೊಂದೇ ಗೊತ್ತು. ಹಾಲು ತೆಗೆಯಲು ಹೋದಾಗಲೆಲ್ಲ ಬ್ರಿಯೆಲ್ ಆ ಕಾಗದದ ಮೇಲೆ ಕಣ್ಣು ಬೀಳದಂತೆ ಬಾಗಿಲು ತೆಗೆಯುತ್ತಿದ್ದಳು.

ಮುಂದಿನ ಭಾನುವಾರ ಅಜ್ಜಿ ಚರ್ಚಿನಿಂದ ಸಿಟ್ಟಾಗಿ ಬಂದಳು. ಬೆಳಗಿನ ಬಸ್ಸು ನಿಲ್ಲಿಸುತ್ತಾರಂತೆ, ನಿಲ್ದಾಣದ ಕಂಬಕ್ಕೆ ಕಾಗದ ಅಂಟಿಸಿದ್ದಾರಂತೆ, ಮಂಗಳವಾರ ಸಭೆಯಂತೆ. ಕೋಳಿ ತುಂಡನ್ನು ತಟ್ಟೆಗೆ ಹಾಕಿಕೊಳ್ಳುತ್ತ ಕೇಳಿದಳು.

"ಆ ಬಸ್ಸು ತೆಗೀಬೇಕು ಅಂತ ಹೇಳ್ದೋರು ಯಾರು? ಅವರಮ್ಮ ಯಾವತ್ತೂ ಕೆಲಸಕ್ಕೆ ಹೋಗಿಲ್ವಾ?"

ಲಾಮಾಂಟ್ ಎದ್ದು ಹೋಗಿ ಡ್ರಾಯರಿನಿಂದ ಅಜ್ಜಿಯ ಕಿವಿಯ ಯಂತ್ರ ತಂದು ಅವಳ ತಟ್ಟೆಯ ಪಕ್ಕ ಇಟ್ಟ.

"ಹಾಕ್ಕೋ ಅಮ್ಮ. ನಿನ್ ಮೊಮ್ಮಗಳು ಹೇಳ್ತಾಳೆ."

ಅಜ್ಜಿ ಯಂತ್ರ ಹಾಕಿಕೊಂಡಳು. ಬ್ರಿಯೆಲ್ ಹೇಳಿದಳು. ಕೈ ಎತ್ತದಿದ್ದದ್ದು, ಅಮ್ಮನ ಮಾತನ್ನು ಬರೆದುಕೊಂಡದ್ದು, ಸಭೆಯಲ್ಲಿ ಓದಿದ್ದು, ಜನ ನಕ್ಕದ್ದು. ಎಲ್ಲ ಕೇಳಿದ ಅಜ್ಜಿ ಮಗಳ ಕಡೆ ತಿರುಗಿದಳು.

"ನೀನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಿನ್ನ ನೋಡಿ ನಾನೂ ತಟ್ಟಿದೆ."

"ಮತ್ತೇನ್ ಮಾಡ್ಬೇಕಿತ್ತು? ಅಷ್ಟು ಜನದ ಮುಂದೆ ಕೂತ್ಕೊಂಡು ಅಳ್ಬೇಕಿತ್ತಾ?" ಎಂದಳು ಶರ್ಲೀನ್.

ಅಜ್ಜಿ ಮೆಲ್ಲನೆ ಎದ್ದು, ಫ್ರಿಜ್ಜಿನಿಂದ ಪತ್ರ ತೆಗೆದು, ಮಡಿಸಿ ಬ್ರಿಯೆಲ್ ತಟ್ಟೆಯ ಬಳಿ ಇಟ್ಟಳು. ಇದು ನಿನ್ನದು, ನಿನ್ನ ಕೋಣೆಯಲ್ಲೇ ಇಟ್ಟುಕೋ ಎಂದಳು. ಮರುದಿನ ಬೆಳಿಗ್ಗೆ ಬ್ರಿಯೆಲ್ ಕಾಲುಚೀಲ ಹಿಡಿದು ಬಂದಾಗ, ಇನ್ನು ಲಾಮಾಂಟನೇ ಹಾಕಲಿ, ಅವನ ಕೈ ಪಳಗಿದೆ ಎಂದಳು.

ಮಂಗಳವಾರ ಬ್ರಿಯೆಲ್ ಯಾರಿಗೂ ಹೇಳದೆ ಸಭೆಗೆ ಹೋದಳು. ಸಾರ್ವಜನಿಕರಿಗೆ ಮಾತಾಡಲು ತಲಾ ಎರಡು ನಿಮಿಷ. ಅವಳು ಹೆಸರು ಹೇಳಿದೊಡನೆ ಅಧ್ಯಕ್ಷೆಯ ಮುಖ ಅರಳಿತು. ಆ ಬಸ್ಸು ನಿಲ್ಲಿಸಬೇಡಿ, ನನ್ನ ಶಿಫಾರಸು ತಪ್ಪು, ಆ ಏಳು ಜನರಲ್ಲಿ ನನ್ನ ತಾಯಿ ಒಬ್ಬರು, ಆರು ಗಂಟೆಗೆ ಅವರು ಗುಡ್ಡದ ಮೇಲೆ ಇಲ್ಲದಿದ್ದರೆ ಕೆಲಸ ಹೋಗುತ್ತದೆ ಎಂದು ಬ್ರಿಯೆಲ್ ಒಂದೇ ಉಸಿರಿಗೆ ಹೇಳಿದಳು. ಅಧ್ಯಕ್ಷೆ ಕನ್ನಡಕ ಏರಿಸಿ ವರದಿಯ ಒಂಬತ್ತನೇ ಪುಟ ತೆರೆದರು.

"ಇಲ್ಲಿರೋ ಲೆಕ್ಕದಲ್ಲಿ ಏನಾದ್ರೂ ತಪ್ಪಿದೆಯಾ?"

"ಇಲ್ಲ. ಲೆಕ್ಕ ಸರಿ ಇದೆ."

"ನಿಮ್ಮ ತಾಯಿ ಆಗಲೂ ಆ ಬಸ್ಸಲ್ಲೇ ಹೋಗ್ತಿದ್ರಲ್ವಾ?"

"ಹೌದು."

"ಆಗಲೇ ಹೇಳ್ಬೇಕಿತ್ತಮ್ಮ," ಎಂದರು ಅಧ್ಯಕ್ಷೆ. ದನಿಯಲ್ಲಿ ಕಟುತನವಿರಲಿಲ್ಲ. ಎರಡು ನಿಮಿಷ ಮುಗಿದ ಗಂಟೆ ಹೊಡೆಯಿತು. ಬಸ್ಸು ನಿಲ್ಲಿಸುವುದಕ್ಕೆ ಮಂಡಳಿಯ ಐವರು ಪರವಾಗಿ, ಇಬ್ಬರು ವಿರುದ್ಧವಾಗಿ ಕೈ ಎತ್ತಿದರು. ಸೆಪ್ಟೆಂಬರ್ ಮೊದಲ ವಾರದಿಂದ ಐದು ಹತ್ತರ ಬಸ್ಸು ಇಲ್ಲ.

ಸುದ್ದಿ ಚರ್ಚಿನ ಹೆಂಗಸೊಬ್ಬಳ ಬಾಯಿಂದ ಶರ್ಲೀನ್‌ಳ ಕಿವಿಗೆ ಮಾರನೆಯ ದಿನವೇ ಬಿತ್ತು. ಅವಳು ಕೆಲಸದಿಂದ ಬಂದವಳೇ ಚೀಲವನ್ನೂ ಇಳಿಸದೆ ಪಾತ್ರೆ ತೊಳೆಯುತ್ತಿದ್ದ ಮಗಳ ಬೆನ್ನ ಹಿಂದೆ ನಿಂತಳು.

"ನಂಗೆ ಕೆಲಸ ಹೋಗುತ್ತೆ ಅಂತ ಊರಿಗೆಲ್ಲ ಸಾರಿ ಬಂದ್ಯಂತೆ."

"ಅಮ್ಮ, ನಾನು ಸರಿ ಮಾಡೋಣ ಅಂತ ಹೋದೆ."

"ಮೊದಲ್ನೇ ಸಲ ನನ್ನ ಮಾತು ತಗೊಂಡ್ಹೋದೆ, ನನ್ನ ಕೇಳ್ಲಿಲ್ಲ. ಈಗ ನನ್ನ ಕಷ್ಟ ತಗೊಂಡ್ಹೋದೆ. ಈಗ್ಲೂ ಕೇಳ್ಲಿಲ್ಲ." ಶರ್ಲೀನ್‌ಳ ದನಿ ಏರಲಿಲ್ಲ. "ನಾನೇ ಹೋಗಿ ಮಾತಾಡ್ತಿದ್ದೆ ಬ್ರಿ. ಗಸ್, ಮರಿಸೋಲ್, ನಾವು ಮೂರೂ ಜನ ರಜ ಕೇಳಿದ್ವಿ, ಕೊಡ್ಲಿಲ್ಲ. ನೀನು ಹೋಗೋ ಮುಂಚೆ ನನ್ನ ಕೇಳಿದ್ರೆ ನಿನ್ನ ಕೈಲಿ ಒಂದು ಕಾಗದ ಬರೆಸಿ ಕಳಿಸ್ತಿದ್ದೆ. ನಮ್ಮ ಮೂರೂ ಜನದ ಹೆಸರು ಹಾಕಿ."

ಬ್ರಿಯೆಲ್ ನಲ್ಲಿ ನಿಲ್ಲಿಸಿದಳು.

ಬಸ್ಸು ನಿಂತ ಮೇಲೆ ಮೊದಲ ವಾರ ಲಾಮಾಂಟ್ ಅಕ್ಕನನ್ನು ಬಿಡಲು ಒಪ್ಪಿಕೊಂಡ. ಅವನಿಗೆ ಬೆಳಿಗ್ಗೆ ಏಳುವುದೆಂದರೆ ಆಗದು. ಬುಧವಾರ ಹತ್ತು ನಿಮಿಷ ತಡ, ಗುರುವಾರ ಇಪ್ಪತ್ತು. ಇನ್ನೊಂದು ಸಲ ಹೀಗಾದರೆ ಬೆಳಗಿನ ಪಾಳಿ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ವೃದ್ಧಾಶ್ರಮದವರು ಬರೆದು ಕೊಟ್ಟರು. ಹದಿನೆಂಟು ವರ್ಷ ಅವಳಿಗೆ ಅಂಥ ಕಾಗದ ಬಂದಿರಲಿಲ್ಲ. ಅಕ್ಕ ತಮ್ಮ ಅಡುಗೆಮನೆಯಲ್ಲಿ ಜಗಳವಾಡಿದರು. ನಿನ್ನ ಮಗಳು ಮಾಡಿದ್ದಕ್ಕೆ ನನ್ನ ನಿದ್ದೆ ಯಾಕೆ ಹಾಳಾಗಬೇಕು ಎಂದ ಲಾಮಾಂಟ್. ಹಾಗಾದರೆ ಕೀ ಇಲ್ಲಿ ಕೊಡು ಎಂದಳು ಬ್ರಿಯೆಲ್. ಅವಳಿಗೆ ಲೈಸೆನ್ಸ್ ಇತ್ತು, ಓಡಿಸಿದ್ದು ಕಡಿಮೆ. ಲಾಮಾಂಟ್ ಕೀಯನ್ನು ಮೇಜಿನ ಮೇಲೆ ಜಾರಿಸಿದ.

ಸೋಮವಾರ ಐದಕ್ಕೆ ತಾಯಿ ಮಗಳು ಹೊರಟರು. ನಿಲ್ದಾಣ ದಾಟುವಾಗ ಶರ್ಲೀನ್ ನಿಲ್ಲಿಸು ಎಂದಳು. ಬಸ್ಸಿಲ್ಲದ ನಿಲ್ದಾಣದಲ್ಲಿ ಒಬ್ಬ ಎತ್ತರದ ಮುದುಕ, ಬಿಳಿ ಅಂಗಿಯ ಮೇಲೆ ಕೋಟು ತೊಟ್ಟು, ಬೂಟಿನ ದಾರ ಬಿಗಿ ಮಾಡಿಕೊಳ್ಳುತ್ತಿದ್ದ. ಮೂರು ಮೈಲಿ ನಡೆದುಹೋಗಲು ಹೊರಟಿದ್ದ ಗಸ್. ಶರ್ಲೀನ್ ಇಳಿದು ಹಿಂದಿನ ಬಾಗಿಲು ತೆಗೆದಳು. ಎರಡು ನಿಲ್ದಾಣ ಮುಂದೆ ಮರಿಸೋಲ್ ಹತ್ತಿದಳು. ಮರುದಿನದಿಂದ ಅದೇ ರೂಢಿಯಾಯಿತು. ಆಸ್ಪತ್ರೆಯ ಇಬ್ಬರಲ್ಲಿ ಒಬ್ಬಳು ಕೆಲಸ ಬಿಟ್ಟಳಂತೆ. ಉಳಿದವರು ಏನಾದರೋ ಗೊತ್ತಾಗಲಿಲ್ಲ.

ಅವರಿಬ್ಬರಿಗೆ ಬ್ರಿಯೆಲ್ ಯಾರೆಂದು ಗೊತ್ತಿತ್ತು, ಏನು ಮಾಡಿದ್ದಳೆಂದು ಗೊತ್ತಿರಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿ, ತಾಯಿಗೋಸ್ಕರ ಇಷ್ಟು ಬೇಗ ಏಳುತ್ತಾಳೆ ಎಂದು ಮರಿಸೋಲ್ ಮೆಚ್ಚಿಕೊಳ್ಳುತ್ತಿದ್ದಳು. ಶುಕ್ರವಾರ ತನ್ನ ಮನೆಯ ಸಿಹಿ ಬನ್ನು ತಂದು ಕೊಟ್ಟಳು. ಗಸ್ ಬೇಕರಿಯಿಂದ ಹಿಂದಿನ ದಿನದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದ. ಬ್ರಿಯೆಲ್‌ಗೆ ಅದನ್ನು ತಿನ್ನಲೂ ಆಗುತ್ತಿರಲಿಲ್ಲ, ಎಸೆಯಲೂ ಆಗುತ್ತಿರಲಿಲ್ಲ. ಮನೆಗೆ ತಂದು ಅಜ್ಜಿಯ ಮುಂದಿಡುತ್ತಿದ್ದಳು. ಅಜ್ಜಿ ಅದನ್ನು ಸುಟ್ಟು, ಬೆಣ್ಣೆ ಸವರಿ, ಅವಳ ಮುಂದೆಯೇ ಇಡುತ್ತಿದ್ದಳು.

"ಅಮ್ಮ, ಅವರಿಗೆ ನೀನು ಹೇಳ್ಬಿಡು," ಎಂದಳು ಬ್ರಿಯೆಲ್ ಒಂದು ಸಂಜೆ.

"ನಾನು ಹೇಳಲ್ಲ. ಅದು ನನ್ನ ಮಾತಲ್ಲ."

ಅಕ್ಟೋಬರಿನ ಒಂದು ಸೋಮವಾರ ಚಳಿ ಜೋರಾಗಿತ್ತು. ಮರಿಸೋಲ್‌ಳೂ ಹತ್ತಿದ ಮೇಲೆ ಗಸ್ ಕೈ ಉಜ್ಜಿಕೊಳ್ಳುತ್ತ, ಈ ಬಸ್ಸು ನಿಲ್ಲಿಸಿದವರು ಒಂದು ದಿನ ಇಲ್ಲಿ ಬಂದು ನಿಲ್ಲಲಿ ಎಂದ. ಬೆಳಿಗ್ಗೆ ಎಂಟಕ್ಕೆ ಮುಂಚೆ ಸೂರ್ಯನನ್ನೇ ನೋಡದ ಯಾವನೋ ಬರೆದದ್ದು ಎಂದಳು ಮರಿಸೋಲ್. ಶರ್ಲೀನ್ ಕಾಫಿಯ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದವಳು ತಿರುಗಿಸುವುದನ್ನು ನಿಲ್ಲಿಸಿದಳು.

"ನಾನೇ ಬರೆದದ್ದು," ಎಂದಳು ಬ್ರಿಯೆಲ್.

ಮೊದಲು ಅವರಿಗೆ ಅರ್ಥವಾಗಲಿಲ್ಲ. ಅವಳು ದಾರಿಯ ಮೇಲಿಂದ ಕಣ್ಣು ತೆಗೆಯದೆ ವಿವರಿಸಿದಳು. ತರಬೇತಿ, ವರದಿ, ಒಂಬತ್ತನೇ ಪುಟ. ಗಸ್ ಬಾಗಿಲಿನ ಹಿಡಿಕೆಗೆ ಕೈ ಹಾಕಿ ಅಂದ:

"ಇಲ್ಲೇ ನಿಲ್ಸು."

ಬೇಕರಿ ಇನ್ನೂ ಒಂದು ಮೈಲಿ ಇತ್ತು. ಅವನು ಇಳಿದು, ಬಾಗಿಲು ಮೆಲ್ಲನೆ ಮುಚ್ಚಿ, ಕಾರಿನ ಬೆಳಕಿನಲ್ಲೇ ಮುಂದೆ ನಡೆದುಹೋದ. ಮರಿಸೋಲ್ ಹೋಟೆಲಿನ ತನಕ ಕೂತಿದ್ದಳು. ಇಳಿಯುವಾಗ, ನಾಳೆ ಬರ್ತೀಯಾ ಎಂದಷ್ಟೇ ಕೇಳಿದಳು. ಬರ್ತೀನಿ ಎಂದಳು ಬ್ರಿಯೆಲ್.

ಮಂಗಳವಾರ ನಿಲ್ದಾಣದಲ್ಲಿ ಗಸ್ ಇರಲಿಲ್ಲ. ಬ್ರಿಯೆಲ್ ನಿಧಾನ ಮಾಡಿ ಮುಂದೆ ಹೊರಟಳು. ನಿಲ್ಲಿಸು, ಎರಡು ನಿಮಿಷ ಕಾಯೋಣ ಎಂದಳು ಶರ್ಲೀನ್. ಎರಡು ನಿಮಿಷ ಕಾದರು. ಬುಧವಾರವೂ ಕಾದರು, ಗುರುವಾರವೂ. ದಾರಿಯಲ್ಲಿ ಎಲ್ಲೂ ಅವನು ನಡೆದುಹೋಗುವುದು ಕಾಣಲಿಲ್ಲ. ಅವರಿಗಿಂತ ಎಷ್ಟು ಮುಂಚೆ ಹೊರಡುತ್ತಿದ್ದನೋ. ಆ ಮೂರು ದಿನ ಶರ್ಲೀನ್ ಕಾಫಿ ಸುರಿದು ಕೊಡುವಾಗ ಮಗಳಿಗೂ ಒಂದು ಲೋಟ ಕೊಟ್ಟಳು. ಬೇಸಿಗೆಯಾದ ಮೇಲೆ ಅದು ಮೊದಲು.

ಶುಕ್ರವಾರ ಅವನು ನಿಂತಿದ್ದ. ಬಲಗಾಲಿಗೆ ಭಾರ ಹಾಕದೆ ಕಂಬಕ್ಕೆ ಒರಗಿದ್ದ. ಹಿಂದಿನ ಬಾಗಿಲು ತೆಗೆದು ಕೂತು, ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ಯಾರಿಗೂ ನಮಸ್ಕಾರ ಹೇಳಲಿಲ್ಲ. ಮರಿಸೋಲ್ ಹತ್ತಿದ ಮೇಲೆ, ಕೆಂಪು ದೀಪದಲ್ಲಿ ಕಾರು ನಿಂತಾಗ ಬಾಯಿ ಬಿಟ್ಟ.

"ನಮ್ಮ ಬಗ್ಗೆ ಏನಂತ ಬರೆದಿದ್ದೆ?"

"ಸರಾಸರಿ ಏಳು ಜನ ಹತ್ತುತ್ತಾರೆ ಅಂತ."

"ಮತ್ತೆ?"

"ಅಷ್ಟೇ ಸರ್."

"ನನ್ನ ಹೆಸರು ಗೊತ್ತಾ ನಿಂಗೆ?"

"ಗಸ್ ಅಂತ..."

"ಅದು ಬೇಕರಿಯೋರು ಕರೆಯೋದು. ಆಗಸ್ಟಸ್ ವಿನ್‌ಫೀಲ್ಡ್. ಮೂವತ್ತೊಂದು ವರ್ಷ ಆ ನಿಲ್ದಾಣದಲ್ಲಿ ಹತ್ತಿದೀನಿ."

ಬ್ರಿಯೆಲ್ ತಲೆಯಾಡಿಸಿದಳು. ಮರಿಸೋಲ್ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವವಳಂತೆ, "ಮರಿಸೋಲ್ ಎಸ್ಪಿನೋಸಾ," ಎಂದಳು. "ಒಂಬತ್ತು ವರ್ಷ."

ದೀಪ ಹಸಿರಾಯಿತು. ಬ್ರಿಯೆಲ್ ಹೊರಡಲಿಲ್ಲ, ಕೈಯೆರಡೂ ಸ್ಟೀರಿಂಗ್ ಮೇಲೆಯೇ ಇದ್ದವು. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಶರ್ಲೀನ್ ಮುಂದಿನ ಖಾಲಿ ರಸ್ತೆಯನ್ನೇ ನೋಡುತ್ತ ಕೂತಿದ್ದಳು.

"ಶರ್ಲೀನ್ ಪೆಟ್ಟಿಗ್ರೂ," ಎಂದಳು. "ಹದಿನೆಂಟು."